ಮಾಸ್ಕೋದ ಹಾಸ್ಟೆಲಿನಲ್ಲಿ ಮಾಡಿಕೊಂಡ ಕೋಲ್ಡ್ ಕ್ರೀಮ್

ಮಾಸ್ಕೋದ ಚಳಿಗಾಲದಲ್ಲಿ ಹೊರಗಿನ ಹಿಮದಷ್ಟೇ ಒಳಗಿನ ಕಾವೂ ಚರ್ಮವನ್ನು ಒಣಗಿಸುತ್ತದೆ. ಇಡೀ ಬಡಾವಣೆಗೆ ಒಂದೇ ಸ್ಥಾವರದಿಂದ ಕೊಳವೆಗಳಲ್ಲಿ ಬಿಸಿನೀರು ಬರುತ್ತಿತ್ತು. ಕೋಣೆಯ ಕಾವು ತಗ್ಗಿಸುವ ತಿರುಪು ನಮ್ಮ ಕೈಯಲ್ಲಿರಲಿಲ್ಲ. 1980ರ ದಶಕದ ಕೊನೆಯಲ್ಲಿ ಅಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಗ ನನ್ನ ಕೆನ್ನೆ ಬಿರಿದು, ಬೆರಳಸಂದಿನಲ್ಲಿ ರಕ್ತ ಜಿನುಗುತ್ತಿತ್ತು.

ಸೋವಿಯತ್ ಕ್ರೀಮುಗಳು ಕಳಪೆಯಾಗಿದ್ದವು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 'ಸ್ವೊಬೊದಾ' ಕಾರ್ಖಾನೆಯ ಮಕ್ಕಳ ಕ್ರೀಮ್, 'ಬಾಲೆಟ್' ಕ್ರೀಮ್ ಎರಡೂ ಚೆನ್ನಾಗಿದ್ದವು. ಅದು 1843ರಲ್ಲಿ ರಾಲೆ ಎಂಬ ಫ್ರೆಂಚ್ ವ್ಯಾಪಾರಿ ಕಟ್ಟಿದ ಕಾರ್ಖಾನೆ. ಕ್ರಾಂತಿಯ ನಂತರ ಸರ್ಕಾರದ ಕೈಗೆ ಬಂದಿತ್ತು. 1930ರ ದಶಕದಲ್ಲಿ ಸೌಂದರ್ಯವರ್ಧಕ ಉದ್ಯಮದ ಸರ್ಕಾರಿ ಟ್ರಸ್ಟನ್ನು, ಅಂದರೆ ಕಾರ್ಖಾನೆಗಳ ಒಕ್ಕೂಟವನ್ನು, ಸೋವಿಯತ್ ನಾಯಕ ಮೊಲೊಟೊವ್ ಅವರ ಪತ್ನಿ ಪೊಲಿನಾ ಜೆಮ್ಚುಜಿನಾ ನಡೆಸಿದ್ದರು. ಗೋಸ್ಟ್ ಎಂಬ ರಾಜ್ಯ ಮಾನದಂಡವೂ ಕಟ್ಟುನಿಟ್ಟಾಗಿತ್ತು. ತೊಂದರೆ ಇದ್ದದ್ದು ಪೂರೈಕೆಯಲ್ಲಿ. ಎಷ್ಟು ಕೊಬ್ಬು, ಎಷ್ಟು ಟ್ಯೂಬು ಎಂಬುದೆಲ್ಲ ಸರ್ಕಾರದ ಯೋಜನೆಯಲ್ಲಿ ಮೊದಲೇ ನಿಗದಿಯಾಗುತ್ತಿತ್ತು. ಚಳಿ ಹೆಚ್ಚಿತೆಂದು ಕಾರ್ಖಾನೆ ತಾನಾಗಿ ಹೆಚ್ಚು ಮಾಡುವಂತಿರಲಿಲ್ಲ, ಅಂಗಡಿ ತಾನಾಗಿ ಹೆಚ್ಚು ತರಿಸುವಂತಿರಲಿಲ್ಲ. 1989ರಲ್ಲಿ ಸೋಪೇ ಸಿಗದಂತಾಯಿತು. ಆ ಜುಲೈನಲ್ಲಿ ಮುಷ್ಕರ ಹೂಡಿದ, ಸೈಬೀರಿಯಾದ ಕಲ್ಲಿದ್ದಲ ಪ್ರದೇಶವಾದ ಕುಜ್‌ಬಾಸ್‌ನ ಗಣಿಗಾರರಿಗೆ ಮೈಮೇಲಿನ ಕಲ್ಲಿದ್ದಲ ಮಸಿ ತೊಳೆಯಲು ಸೋಪಿಲ್ಲ ಎಂಬುದೂ ಒಂದು ದೂರಾಗಿತ್ತು. ನಾನು ಊರಿನಿಂದ ಒಯ್ದ ಮೈಸೂರು ಸ್ಯಾಂಡಲ್ ಕೂಡ ಸರ್ಕಾರಿ ಕಾರ್ಖಾನೆಯದೇ ಅಲ್ಲವೇ? ಒಡೆತನ ಸರ್ಕಾರದ್ದು ಎಂಬುದೊಂದರಿಂದಲೇ ಕೊರತೆ ಹುಟ್ಟುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ಕ್ರೀಮನ್ನು ನಾನೇ ಮಾಡಿಕೊಳ್ಳುವ ದಾರಿ ತೋರಿಸಿದ್ದು ಔಷಧಿ ಅಂಗಡಿ. ಅಲ್ಲಿ ವೈದ್ಯರ ಚೀಟಿ ನೋಡಿ ಮುಲಾಮು ಅರೆದುಕೊಡುವ ವಿಭಾಗ ಇನ್ನೂ ಜೀವಂತವಾಗಿತ್ತು. ಮೂಗಿಗೆ ಬಿಡುವ ಪೀಚ್ ಬೀಜದ ಎಣ್ಣೆ ಸಿಕ್ಕಿತು. ಬಿಳಿಗಾರವನ್ನು, ಅಂದರೆ ಬೋರಾಕ್ಸನ್ನು, ಅಲ್ಲಿನ ಹೆಂಗಸು ತೂಗಿ ಪೊಟ್ಟಣ ಕಟ್ಟಿಕೊಟ್ಟರು. ಜೇನುಮೇಣ ಸಿಕ್ಕಿದ್ದು ರೈತರು ತಮ್ಮ ಬೆಳೆಯನ್ನು ತಾವೇ ಹೇಳಿದ ಬೆಲೆಗೆ ಮಾರುತ್ತಿದ್ದ ಸಂತೆಯಲ್ಲಿ, ಜೇನು ಮಾರುವವರ ಬಳಿ.

ಅಳತೆ ಹೀಗಿತ್ತು: ಮೇಣ 15 ಗ್ರಾಂ, ಎಣ್ಣೆ 55 ಗ್ರಾಂ, ಕುದಿಸಿ ಆರಿಸಿದ ನೀರು 29 ಗ್ರಾಂ, ಬೋರಾಕ್ಸ್ ಒಂದು ಗ್ರಾಮಿಗಿಂತ ತುಸು ಕಡಿಮೆ. ಮೇಣವನ್ನೂ ಎಣ್ಣೆಯನ್ನೂ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಸುಮಾರು 70 ಡಿಗ್ರಿಗೆ ಕರಗಿಸುತ್ತಿದ್ದೆ. ಬೋರಾಕ್ಸ್ ಕರಗಿಸಿದ ನೀರೂ ಅಷ್ಟೇ ಬಿಸಿಯಾಗಿರಬೇಕು. ತಣ್ಣನೆಯ ನೀರು ಬಿದ್ದರೆ ಮೇಣ ಆ ಕ್ಷಣವೇ ಹೆಪ್ಪುಗಟ್ಟಿ ಕಾಳುಕಾಳಾಗುತ್ತದೆ. ನೀರನ್ನು ಸಣ್ಣ ಧಾರೆಯಾಗಿ ಸುರಿಯುತ್ತ ಒಂದೇ ಸಮ ಕಲಕಬೇಕು. ಹಳದಿ ಎಣ್ಣೆ ಕಣ್ಣೆದುರೇ ಬೆಳ್ಳಗಾಗುವುದನ್ನು ನೋಡುವ ಸಂತೋಷ ಎಷ್ಟು ಸಲ ಮಾಡಿದರೂ ಕಡಿಮೆಯಾಗಲಿಲ್ಲ. ಮೇಣದಲ್ಲಿ ಸಹಜವಾಗಿರುವ ಆಮ್ಲವೂ ಬೋರಾಕ್ಸಿನ ಕ್ಷಾರವೂ ಕೂಡಿ ಅಲ್ಲೇ ಸ್ವಲ್ಪ ಸೋಪು ಹುಟ್ಟುತ್ತದೆ. ನೀರನ್ನೂ ಎಣ್ಣೆಯನ್ನೂ ಬೇರೆಯಾಗದಂತೆ ಹಿಡಿದಿಡುವುದು ಆ ಸೋಪೇ. ಕೈಗೆ ಬೆಚ್ಚಗೆ ಅನ್ನಿಸುವವರೆಗೆ ಕಲಕಿ, ಕುದಿಸಿ ಒಣಗಿಸಿದ ಬಾಟಲಿಗೆ ತುಂಬುತ್ತಿದ್ದೆ.

ಕೆಡದಂತೆ ಕಾಯುವ ಪದಾರ್ಥ ಏನೂ ಸಿಗುತ್ತಿರಲಿಲ್ಲವಾದ್ದರಿಂದ ಸ್ವಲ್ಪ ಸ್ವಲ್ಪವೇ ಮಾಡಿ, ಕಿಟಕಿಯ ಜೋಡಿ ಗಾಜುಗಳ ನಡುವಿನ ತಣ್ಣನೆಯ ಜಾಗದಲ್ಲಿ ಇಡುತ್ತಿದ್ದೆ. ಹೊರಡುವ ಹೊತ್ತಿಗೆ ಹಚ್ಚಿಕೊಳ್ಳಬಾರದು, ಅರ್ಧ ಗಂಟೆ ಮೊದಲೇ ಹಚ್ಚಬೇಕು ಎಂದು ಕೋಣೆಯ ರಷ್ಯನ್ ಗೆಳತಿಯರು ಪಟ್ಟು ಹಿಡಿಯುತ್ತಿದ್ದರು. ನಾನು ಅದನ್ನು ತಪ್ಪದೆ ಪಾಲಿಸಿದೆ. ಬೆರಳಸಂದಿನ ಬಿರುಕು ಮೊದಲ ಬಾಟಲಿ ಮುಗಿಯುವಷ್ಟರಲ್ಲೇ ಕೂಡಿತ್ತು. ಆಮೇಲೆ ಗೆಳತಿಯರೂ ಖಾಲಿ ಬಾಟಲಿ ತಂದಿಡತೊಡಗಿದರು.

ಈಗ ಮಾಡುವವರು ಬೋರಾಕ್ಸ್ ಬಳಸಬೇಡಿ. ಐರೋಪ್ಯ ಒಕ್ಕೂಟ ಸೌಂದರ್ಯವರ್ಧಕಗಳಲ್ಲಿ ಅದನ್ನು ನಿಷೇಧಿಸಿದೆ. ಅದರ ಬದಲು ನೀರನ್ನೂ ಎಣ್ಣೆಯನ್ನೂ ಹಿಡಿದಿಡುವ ಎಮಲ್ಸಿಫೈಯಿಂಗ್ ವ್ಯಾಕ್ಸ್ ಸುಲಭವಾಗಿ ಸಿಗುತ್ತದೆ. ನಮ್ಮ ಸೆಕೆಗೆ ನೀರು ಸೇರಿದ ಕ್ರೀಮ್ ಬೇಗ ಬೂಸ್ಟು ಹಿಡಿಯುವುದರಿಂದ ಕೆಡದಂತೆ ಕಾಯುವ ಸಂರಕ್ಷಕವನ್ನೂ ಹಾಕಲೇಬೇಕು.