ಬೆಕ್ಕು, ನಾಯಿ ಇದ್ದ ಮನೆ ಮಾರಿದ್ದು

ತುಮಕೂರಿನ ಬಟವಾಡಿಯಲ್ಲಿದ್ದ ನಮ್ಮ ಮನೆ ನೋಡಲು ಬಂದ ಮೊದಲ ಗಿರಾಕಿ, ಹಾಲ್‌ಗೆ ಕಾಲಿಟ್ಟ ತಕ್ಷಣ ಸೆರಗನ್ನು ಮೂಗಿಗೆ ತಂದುಕೊಂಡರು. "ಗಾಳಿ ಬೆಳಕು ಚೆನ್ನಾಗಿದೆ" ಅಂದರು. ಐದೇ ನಿಮಿಷಕ್ಕೆ ಹೊರಟರು. ನನಗೋ ಏನೂ ವಾಸನೆ ಗೊತ್ತಾಗಲಿಲ್ಲ. ಹನ್ನೊಂದು ವರ್ಷದಿಂದ ನಾಯಿ ಕರಿಯ, ಆರು ವರ್ಷದಿಂದ ಬೆಕ್ಕು ಪುಟ್ಟಿ ಮನೆಯೊಳಗೇ ಇದ್ದವು. ಮೂಗು ಒಗ್ಗಿ ಹೋಗಿತ್ತು.

ಗುಬ್ಬಿಯಿಂದ ತಂಗಿಯನ್ನು ಕರೆಸಿದೆ. "ದಾಕ್ಷಿಣ್ಯ ಬೇಡ, ಬಾಗಿಲಲ್ಲೇ ನಿಂತು ಹೇಳು" ಅಂದೆ. "ಬೇಜಾರು ಮಾಡ್ಕೋಬೇಡ ಅಕ್ಕ, ಬೆಕ್ಕಿನ ಉಚ್ಚೆ ವಾಸನೆ. ಅದರ ಮೇಲೆ ಫಿನಾಯಿಲ್ ಬೇರೆ" ಅಂದಳು.

ಬ್ರೋಕರ್ ಒಂದು ಒಳ್ಳೆ ಮಾತು ಹೇಳಿದರು. "ಮೇಡಂ, ಆಷಾಢ ಬಂತು. ಈಗ ಯಾರೂ ಮನೆ ನೋಡೋಕೆ ಬರಲ್ಲ. ಅಷ್ಟರಲ್ಲಿ ಸರಿ ಮಾಡಿಸಿಕೊಳ್ಳಿ, ಶ್ರಾವಣಕ್ಕೆ ನಾನು ಜನ ಕರ್ಕೊಂಡು ಬರ್ತೀನಿ." ಹೀಗೆ ಒಂದು ತಿಂಗಳು ಸಿಕ್ಕಿತು.

ವಾಸನೆ ಎಲ್ಲಿಂದ ಅಂತ ಹುಡುಕುವುದೇ ದೊಡ್ಡ ಕೆಲಸ. ಮಗ ಒಂದು ಯುವಿ ಟಾರ್ಚ್, ಅಂದರೆ ನೇರಳಾತೀತ ಬೆಳಕು ಬಿಡುವ ಟಾರ್ಚ್ ತಂದುಕೊಟ್ಟ. ರಾತ್ರಿ ದೀಪವೆಲ್ಲ ಆರಿಸಿ ನೆಲದ ಮೇಲೆ ಹಾಯಿಸಿದೆ. ಹಗಲು ಏನೂ ಕಾಣದ ಜಾಗದಲ್ಲಿ ಹಳದಿ ಹಸಿರಾಗಿ ಕಲೆಗಳು ಹೊಳೆದವು. ಸೋಫಾ ಕಾಲಿನ ಹತ್ತಿರ, ಬೀರುವಿನ ಹಿಂದೆ, ಕೋಣೆ ಬಾಗಿಲಿನ ಚೌಕಟ್ಟಿನ ಬುಡದಲ್ಲಿ. ಗೋಡೆ ಮೇಲೆ ಒಂದು ಗೇಣು ಎತ್ತರದಿಂದ ಕೆಳಕ್ಕೆ ಇಳಿದ ಗೆರೆಗಳೂ ಇದ್ದವು. ನಾಚಿಕೆಯಾಯಿತು, ನಿಜ. ಪ್ರತಿ ಕಲೆಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಹೋದೆ. ಹದಿನಾಲ್ಕು ಆಯಿತು.

ಬೆಕ್ಕಿನ ಉಚ್ಚೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಅದು ಒಣಗಿ ಹರಳಾಗುತ್ತದೆ, ನೀರಿಗೆ ಸುಲಭವಾಗಿ ಕರಗುವುದಿಲ್ಲ. ಎಷ್ಟು ಒರೆಸಿದರೂ ಮಳೆ ಬಂದು ಥಂಡಿಯಾದ ದಿನ ವಾಸನೆ ಮತ್ತೆ ಏಳುವುದು ಅದಕ್ಕೇ. ನಮ್ಮದು ಹಳೇ ರೆಡ್ ಆಕ್ಸೈಡ್ ನೆಲ, ಸಣ್ಣ ಸಣ್ಣ ಬಿರುಕುಗಳೊಳಗೆ ಇಳಿದುಬಿಟ್ಟಿತ್ತು. ಇದಕ್ಕೆ ಬೇಕಾದ್ದು ಎನ್‌ಜೈಮ್, ಅಂದರೆ ಇಂಥ ಕೊಳೆಯನ್ನು ಒಡೆದುಹಾಕುವ ಪದಾರ್ಥ ಇರುವ ಕ್ಲೀನರ್. ಮೊದಲು ಬರೀ ನೀರಲ್ಲಿ ತೊಳೆದೆ. ಆಮೇಲೆ ಕ್ಲೀನರ್ ಧಾರಾಳವಾಗಿ ಸುರಿದು, ಒಣಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಕೆಲವು ಕಡೆ ಮೂರು ಸಲ ಮಾಡಬೇಕಾಯಿತು. ಗೋಡೆಯ ಒಂದು ಮೂಲೆ ಯಾವುದಕ್ಕೂ ಜಗ್ಗಲಿಲ್ಲ. ಗಾರೆಯವರನ್ನು ಕರೆದು ಅಷ್ಟು ಪ್ಲಾಸ್ಟರ್ ಕೆತ್ತಿಸಿ ಹೊಸದಾಗಿ ಮಾಡಿಸಿದೆ.

ನಾನು ಮಾಡಿದ ಎರಡು ತಪ್ಪು ಹೇಳಲೇಬೇಕು. ಶುರುವಿನಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದೆ. ಕಣ್ಣು ಉರಿ, ಕೆಮ್ಮು. ಉಚ್ಚೆಯ ಅಮೋನಿಯಾಕ್ಕೆ ಬ್ಲೀಚ್ ಸೇರಿದರೆ ಕ್ಲೋರಮೈನ್ ಅನ್ನೋ ವಿಷಗಾಳಿ ಹುಟ್ಟುತ್ತದೆ. ಇನ್ನೊಂದು ಫಿನಾಯಿಲ್. ಫಿನಾಲ್ ಇರುವ ಫಿನಾಯಿಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಪುಟ್ಟಿ ಒದ್ದೆ ನೆಲದ ಮೇಲೆ ಓಡಾಡಿ ಕಾಲು ನೆಕ್ಕುತ್ತಿದ್ದದ್ದು ನೆನೆದರೆ ಈಗಲೂ ಜೀವ ಝಲ್ ಅನ್ನುತ್ತದೆ.

ಕರಿಯನದು ಅಷ್ಟು ಕಷ್ಟವಿರಲಿಲ್ಲ. ಅವನು ಒರಗಿ ಮಲಗುತ್ತಿದ್ದ ಗೋಡೆ ಜಿಡ್ಡು ಹಿಡಿದು ಕಪ್ಪಾಗಿತ್ತು. ಸೋಪಿನ ನೀರಲ್ಲಿ ತೊಳೆದು, ಪ್ರೈಮರ್ ಹೊಡೆದು, ಆಮೇಲೆ ಪೇಂಟ್. ನೇರವಾಗಿ ಬಳಿದರೆ ಜಿಡ್ಡು ಮತ್ತೆ ಮೇಲೆ ಬರುತ್ತದೆ. ಹಿತ್ತಲ ಬಾಗಿಲು ಕೆರೆದಿದ್ದನ್ನು ಬಡಗಿ ಅರ್ಧ ದಿನದಲ್ಲಿ ಸರಿ ಮಾಡಿದರು. ಸೊಳ್ಳೆ ಜಾಲರಿ ಎಲ್ಲ ಹೊಸದು ಹಾಕಿಸಿದೆ.

ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿದ ದಿನ ನೋಡಿ ತಂಗಿಯನ್ನು ಮತ್ತೆ ಕರೆಸಿದೆ. ಮೂಲೆ ಮೂಲೆಗೂ ಬಗ್ಗಿ ಮೂಸಿದಳು. "ಪಾಸ್" ಅಂದಳು.

ಆದರೂ ಮುಂದಿನ ಗಿರಾಕಿ ತಪ್ಪಿತು. ಶಿರಾದಿಂದ ಒಂದು ಕುಟುಂಬ ಬಂದಿತ್ತು. ಅವರು ಚಪ್ಪಲಿ ಬಿಡುವಷ್ಟರಲ್ಲಿ ಪುಟ್ಟಿ ಕಾಂಪೌಂಡ್‌ನಿಂದ ಹಾರಿ, ಅಜ್ಜಿಯ ಎದುರೇ ಅಡ್ಡ ಹಾದು ಹೋಯಿತು. ಅಜ್ಜಿ ಅಲ್ಲೇ ನಿಂತರು. "ಇನ್ನೊಂದಿನ ಬರೋಣ ಬಾರಪ್ಪ" ಅಂತ ಮಗನನ್ನು ಕರೆದುಕೊಂಡು ಹೊರಟೇಬಿಟ್ಟರು. ಶಕುನ ನಂಬದವಳು ನಾನು. ಆದರೆ ಮನೆ ಕೊಳ್ಳುವವರು ಅವರು, ಅಲ್ವಾ?

ಅವತ್ತಿನಿಂದ ಕರಿಯ ಗುಬ್ಬಿಯ ತಂಗಿ ಮನೆಗೆ. ಬೆಕ್ಕನ್ನು ಹಾಗೆ ಕಳಿಸಲಾಗದು, ಜಾಗ ಬದಲಾದರೆ ಊಟ ಬಿಡುತ್ತದೆ. ಬ್ರೋಕರ್ ಫೋನ್ ಮಾಡಿದ ಕೂಡಲೇ ಪುಟ್ಟಿಯನ್ನು ಬುಟ್ಟಿಗೆ ಹಾಕಿ, ಮಣ್ಣಿನ ಟ್ರೇ ಸಮೇತ ಪಕ್ಕದ ಮನೆಗೆ ಸಾಗಿಸುತ್ತಿದ್ದೆ. ಪ್ರಾಣಿ ಇದ್ದವು ಅನ್ನುವುದನ್ನು ಮಾತ್ರ ಯಾರಿಗೂ ಮುಚ್ಚಿಡಲಿಲ್ಲ. ಅಕ್ಕಪಕ್ಕದವರು ಹೇಳಿಯೇ ಹೇಳುತ್ತಾರೆ.

ದೀಪಾವಳಿಗೆ ಮೊದಲು ರಿಜಿಸ್ಟ್ರೇಷನ್ ಆಯಿತು. ನಾವು ಎರಡು ಕಿಲೋಮೀಟರ್ ಆಚೆ ಬಾಡಿಗೆಗೆ ಬಂದೆವು. ಹೊಸ ಜಾಗದಲ್ಲಿ ಬೆಕ್ಕನ್ನು ಎರಡು ಮೂರು ವಾರ ಹೊರಗೆ ಬಿಡಬಾರದು. ನಾನು ನಾಲ್ಕನೇ ದಿನವೇ ಕಿಟಕಿ ತೆರೆದಿಟ್ಟಿದ್ದೆ. ಸಂಜೆ ಮನೆ ಕೊಂಡವರ ಫೋನ್. "ಮೇಡಂ, ನಿಮ್ಮ ಪುಟ್ಟಿ ನಮ್ಮ ಹಾಲ್‌ನಲ್ಲಿ ಸೋಫಾ ಕಾಲು ಮೂಸ್ತಾ ಇದೆ. ಬೇಗ ಬನ್ನಿ."