ನಾಲ್ಕನೆಯ ಸೀಲ್

ಮೂರು ಆಯಿಲ್ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ) ನುಂಗಿದ ಹಬ್, ಅಂದರೆ ಚಕ್ರದ ನಡುಭಾಗ, ನನ್ನ ಲಾರಿಯದು. ಎಡಗಡೆಯ ಹಿಂದಿನ ಚಕ್ರ. ಮೂರು ಸಲ ಮೂರು ಗ್ಯಾರೇಜು, ಮಾತು ಮಾತ್ರ ಒಂದೇ: "ಹಿಂದಿನದು ಡೂಪ್ಲಿಕೇಟ್ ಇತ್ತು ಅಣ್ಣಾ, ಈಗ ಒರಿಜಿನಲ್ ಹಾಕಿದ್ದೇನೆ." ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಲೋಡು ಒಯ್ದು ಅರಬೈಲ್ ಘಾಟಿ ಇಳಿದರೆ ಸಾಕು, ಟೈರಿನ ಒಳಮೈ ಮತ್ತೆ ಕಪ್ಪಗೆ ಹೊಳೆಯುತ್ತಿತ್ತು. ಸೀಲು, ಬಿಚ್ಚಿ ಕಟ್ಟುವ ಕೂಲಿ, ಎರಡು ಸಲ ಬ್ರೇಕ್ ಲೈನರ್ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಪಟ್ಟಿ), ಸೋರಿಹೋದ ಕ್ರೌನ್ ಆಯಿಲ್ (ಹಿಂದಿನ ಆಕ್ಸಲ್ಲಿನ ಗೇರುಗಳ ಎಣ್ಣೆ) ಎಲ್ಲ ಸೇರಿ 14,000 ರೂಪಾಯಿ ಹೋಗಿರಬೇಕು. ತಪ್ಪಿದ ಎರಡು ಲೋಡು ಬೇರೆ.

ನಡುವೆ ನಾನೂ ಒಂದು ಮೂರ್ಖತನ ಮಾಡಿದೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಎಮರಿ ಕಾಗದದಿಂದ ತಿಕ್ಕಿ, ಚೆನ್ನಾಗಿ ಒಣಗಿಸಿ, ಆಮೇಲೆ ಬ್ಲೋ ಲ್ಯಾಂಪ್ ಹಿಡಿದು ಕಾಯಿಸಿದೆ. ನೋಡಲು ಹೊಸದರಂತೆಯೇ ಆಯಿತು. ಘಾಟಿಯಲ್ಲಿ ಡ್ರಮ್ ಕಾದಾಗ ಒಳಗಿದ್ದ ಎಣ್ಣೆಯೆಲ್ಲ ಮೇಲೆ ಬಂತು. ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೆಯತೊಡಗಿತು. ಕೆಳಗಿಳಿಯುವವರೆಗೆ ಕ್ಲೀನರ್ ಹುಡುಗ ಒಂದು ಮಾತೂ ಆಡಲಿಲ್ಲ. ಲೈನರಿನಲ್ಲಿ ಜಿಪುಣತನ ಅಂದೇ ಬಿಟ್ಟೆ.

ನಾಲ್ಕನೆಯ ಸೀಲ್ ತಂದ ಮೇಲೆ ಕೂಡಲೇ ಹಾಕಲಿಲ್ಲ. ಚಕ್ರ, ಆಕ್ಸಲ್ ಫ್ಲ್ಯಾಂಜ್ (ಆಕ್ಸಲ್ಲಿನ ಹೊರತುದಿಯ ತಟ್ಟೆ), ಡ್ರಮ್ಮಿನ ಹಿಂಬದಿ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಸೀಮೆಸುಣ್ಣದ ಪುಡಿ ಬಳಿದು ನಲವತ್ತು ಕಿಲೋಮೀಟರ್ ಓಡಿಸಿದೆ. ಫ್ಲ್ಯಾಂಜ್ ಕಡೆ ಪುಡಿ ಬೆಳ್ಳಗೇ ಇತ್ತು, ಒಳಗಡೆ ಕಪ್ಪು ಗೆರೆ. ಹಾಗಾದರೆ ಸೋರುವುದು ಒಳಸೀಲೇ. ಮೇಸ್ತ್ರಿಗಳು ಅಷ್ಟರಮಟ್ಟಿಗೆ ಸರಿಯಾಗಿಯೇ ಹೇಳಿದ್ದರು. ಆದರೆ ಹೊಸ ಸೀಲ್ ಏಕೆ ಸೋಲಬೇಕು?

ಗಾಡಿ ಬಿಸಿಯಿದ್ದಾಗಲೇ ಹೌಸಿಂಗಿನ, ಅಂದರೆ ಆಕ್ಸಲ್ಲಿನ ಹೊರಕವಚದ, ಎಣ್ಣೆ ತುಂಬುವ ಪ್ಲಗ್ಗನ್ನು ಮೆಲ್ಲಗೆ ಸಡಿಲಿಸಿದೆ. "ಉಸ್" ಎಂದು ಗಾಳಿ ಹೊರಬಂತು, ಕೈಗೆ ಎಣ್ಣೆ ಎರಚಿತು. ಉತ್ತರ ಅಲ್ಲೇ ಸಿಕ್ಕಿತು. ಒಳಗಿನ ಗಾಳಿ ಹೊರಹೋಗಲು ಹೌಸಿಂಗಿನ ಮೇಲಿರುವ ಕಿಂಡಿ, ಬ್ರೀದರ್, ಬಿಚ್ಚಿ ನೋಡಿದರೆ ತಂತಿಯೂ ಹೋಗದಷ್ಟು ಗಟ್ಟಿಯಾದ ಕೆಂಪು ಮಣ್ಣು. ಈ ಗಾಡಿ ನನ್ನ ಕೈಗೆ ಬರುವ ಮೊದಲು ಸಂಡೂರಿನಲ್ಲಿ ಅದಿರು ಹೊತ್ತಿದ್ದು. ಒಳಗೆ ಕಾದ ಗಾಳಿಗೆ ದಾರಿಯಿಲ್ಲದೆ ಅದು ಎಣ್ಣೆಯನ್ನು ಆಕ್ಸಲ್ ಉದ್ದಕ್ಕೂ ಹಬ್ಬಿಗೆ ದೂಡುತ್ತಿತ್ತು. ಒಬ್ಬ ಮೇಸ್ತ್ರಿಗೆ ಹೇಳಿದಾಗ ನಕ್ಕ: "ಗಾಳಿಗೆ ಎಣ್ಣೆ ಸೋರುತ್ತದೆಯೇ? ಹೌಸಿಂಗೇ ಬದಲಿಸಿ ಅಣ್ಣಾ, ಹಳೆಯದು ಅರುವತ್ತು ಸಾವಿರಕ್ಕೆ ಕೊಡಿಸುತ್ತೇನೆ."

ಇನ್ನೊಂದು ಸಂಗತಿ. ಪ್ರತಿ ಸಲ ಎಡಚಕ್ರವನ್ನು ಜ್ಯಾಕಿನ ಮೇಲಿಟ್ಟುಕೊಂಡೇ ಎಣ್ಣೆ ತುಂಬಿಸಿದ್ದರು. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಪ್ಲಗ್ ತೆಗೆದರೆ ಹೆಚ್ಚಾಗಿ ತುಂಬಿದ್ದ ಎಣ್ಣೆ ಅರ್ಧ ಲೀಟರಿಗೂ ಮಿಕ್ಕಿ ತಾನಾಗಿಯೇ ಸುರಿಯಿತು. ಸಾಲದ್ದಕ್ಕೆ ರಾತ್ರಿ ಗಾಡಿ ನಿಲ್ಲುವುದು ರಸ್ತೆಯ ಎಡ ಅಂಚಿನ ಇಳಿಜಾರಿನಲ್ಲಿ, ಎಣ್ಣೆ ಎಡಕ್ಕೇ ಹರಿಯುತ್ತಿತ್ತು. ಎಡಚಕ್ರವೇ ಏಕೆ ಎಂದು ಮತ್ತೆ ಯಾರನ್ನೂ ಕೇಳಬೇಕಾಗಲಿಲ್ಲ.

ಬ್ರೀದರ್ ತೆರೆದ ಮೇಲೆ ಸೋರಿಕೆ ತಗ್ಗಿತು, ನಿಲ್ಲಲಿಲ್ಲ. ಹಬ್ ಎಳೆದು ನೋಡಿದರೆ ಸೀಲಿನ ತುಟಿ ಓಡುವ ಜಾಗದಲ್ಲಿ ಸವೆದ ಗೀರು. ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಲೇತಿನಲ್ಲಿ ಆ ಗೀರಿನ ಮೇಲೆ ಸ್ಲೀವ್ (ಲೋಹದ ಬಳೆ) ಹಾಕಿಸಲು ಮೂರು ಸಾವಿರ ಮತ್ತು ಎರಡು ದಿನ. ನಾನು ಹಾಗೆ ಮಾಡಲಿಲ್ಲ. ಸೀಲನ್ನು ಮೊದಲಿಗಿಂತ ಎರಡು ಮೂರು ಮಿಲಿಮೀಟರ್ ಹೊರಗೆ ನಿಲ್ಲಿಸಿದೆ. ತುಟಿ ಗೀರು ಬಿಟ್ಟು ನಯವಾದ ಲೋಹದ ಮೇಲೆ ಕೂತಿತು. ಹೊರಗೆ ಚಾಚಿದ ಸೀಲ್ ಹಿಂಬದಿಯ ಪ್ಲೇಟಿಗೆ ಉಜ್ಜುತ್ತದೆಯೇ ಎಂದು ಚಕ್ರ ತಿರುಗಿಸಿ ಎರಡೆರಡು ಸಲ ನೋಡಿದೆ. ನಿಮ್ಮ ಗಾಡಿಯಲ್ಲಿ ಆ ಜಾಗ ಇಲ್ಲದಿದ್ದರೆ ಸ್ಲೀವೇ ಗತಿ. ಬೇರಿಂಗ್ ಆಡುತ್ತಿದ್ದರೆ ಇದೆಲ್ಲ ವ್ಯರ್ಥವಾದ್ದರಿಂದ ಹಬ್ ನಟ್ಟನ್ನು ನಾನೇ ಬಿಗಿದೆ. ವಾರೆಯಾಗದಂತೆ ಸೀಲ್ ಕೂರಿಸಲು ಯಾವ ಹಳೆಯ ಸಾಮಾನು ಬಳಸಿದೆ ಎಂಬುದು ನನ್ನ ಬಳಿಯೇ ಇರಲಿ, ಸುತ್ತಿಗೆಯಂತೂ ಅಲ್ಲ.

ಹೊಸ ಬ್ರೀದರಿಗೆ ಎರಡಡಿ ಏರ್ ಪೈಪ್ ಸಿಕ್ಕಿಸಿ, ಚಾಸಿಗೆ ಕಟ್ಟಿ, ಬಾಯಿ ಕೆಳಮುಖ ಮಾಡಿಟ್ಟೆ. ಮೊದಲ ಸಲ ಪೈಪು ಬಿಗಿಯಾಗಿ ಕಟ್ಟಿದ್ದರಿಂದ ಆಕ್ಸಲ್ ಕುಣಿದಾಗ ಕಿತ್ತುಬಂತು, ಎರಡನೆಯ ಸಲ ಸಡಿಲ ಬಿಟ್ಟೆ. ಲೈನರ್ ಬಿಟ್ಟರೆ ಇಡೀ ಕೆಲಸಕ್ಕೆ ಸಾವಿರ ರೂಪಾಯಿಯೂ ಆಗಲಿಲ್ಲ. ಏಳೆಂಟು ತಿಂಗಳಾಯಿತು, ಇಪ್ಪತ್ತಕ್ಕೂ ಹೆಚ್ಚು ಸಲ ಅರಬೈಲ್ ಇಳಿದಿದ್ದೇನೆ, ಟೈರಿನ ಒಳಮೈಗೆ ಬರೀ ಧೂಳು. ನಕ್ಕಿದ್ದ ಮೇಸ್ತ್ರಿ ಈಗ ಬಂದ ಗಾಡಿಗಳ ಬ್ರೀದರ್ ತೆಗೆದು ತೊಳೆದುಕೊಟ್ಟು ನೂರು ರೂಪಾಯಿ ತೆಗೆದುಕೊಳ್ಳುತ್ತಾನಂತೆ.