ಬೋರೆ ಮೇಲಿನ 32 ಗುಂಟೆ ಕಾಡು

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬೋರೆಯ, ಅಂದರೆ ಹೊಲದ ಪಕ್ಕದ ಕಲ್ಲು ದಿಬ್ಬದ ಮೇಲೆ ಇವತ್ತು ನಿಂತಿರುವ ಮರಗಳಲ್ಲಿ ನಾನು ನೆಟ್ಟಿದ್ದು ಕಾಲು ಭಾಗವೂ ಇಲ್ಲ. ಮಿಕ್ಕಿದ್ದೆಲ್ಲ ತಾನಾಗಿ ಬಂದದ್ದು. ಇದು ನನಗೆ ಗೊತ್ತಾಗುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು, ಕೈಯಲ್ಲಿದ್ದ ದುಡ್ಡೂ ಕರಗಿತ್ತು. ಯಾರಾದರೂ ತಮ್ಮ ಹೊಲದ ಮಗ್ಗುಲಲ್ಲಿ ಒಂದಿಷ್ಟು ಜಾಗ ಕಾಡಿಗೆ ಬಿಡಬೇಕು ಅಂತಿದ್ದರೆ ನನ್ನಂತೆ ಶುರು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ನಾಗಮಂಗಲ ತಾಲ್ಲೂಕು. ಮಂಡ್ಯ ಅಂದ ತಕ್ಷಣ ಎಲ್ಲರಿಗೂ ಕಬ್ಬು, ಭತ್ತ, ಕೆ.ಆರ್.ಎಸ್. ನೀರು ನೆನಪಾಗುತ್ತದೆ ಅಲ್ವಾ. ನಮ್ಮ ಹೊಲಕ್ಕೆ ಯಾವ ನಾಲೆಯ ನೀರೂ ಇಲ್ಲ. ಮಳೆ ಬಂದರೆ ರಾಗಿ, ಅಕ್ಕಡಿಯಲ್ಲಿ (ರಾಗಿಯ ನಡುವೆ ಬಿಡುವ ಸಾಲುಗಳಲ್ಲಿ) ಅವರೆ, ತೊಗರಿ, ಹುಚ್ಚೆಳ್ಳು, ಹಿಂಗಾರಿಗೆ ಹುರುಳಿ. ಹೊಲದ ತೆಂಕಲಿಗೆ ಒಂದು ಬೋರೆ ಇದೆ. ಅಲ್ಲಲ್ಲಿ ಬಂಡೆ, ಮೇಲೆ ಒಂದಡಿ ಕೆಮ್ಮಣ್ಣು, ಕೆಳಗೆ ಗರಸು. ಅಜ್ಜನ ಕಾಲದಲ್ಲಿ ಅಲ್ಲಿ ಹುರುಳಿ ಚೆಲ್ಲುತ್ತಿದ್ದರು, ಆಮೇಲೆ ಅದೂ ನಿಂತು ಆಡು ಕುರಿ ಮೇಯುವ ಜಾಗವಾಯಿತು. ಅಳತೆ ಮಾಡಿಸಿದಾಗ 32 ಗುಂಟೆ ಬಂತು.

2014ರಲ್ಲಿ ಅಲ್ಲಿ ಮರ ಬೆಳೆಸಬೇಕು ಅಂತ ಹೊರಟೆ. ನಾನು ಮಾಡಿದ ಮೊದಲ ಕೆಲಸ ಜೆಸಿಬಿ ಕರೆಸಿದ್ದು. ಒಂದೇ ದಿನದಲ್ಲಿ ಇಡೀ ಬೋರೆ ಚೊಕ್ಕಟವಾಯಿತು. ಕಾರೆ, ಕವಳೆ, ಎಲಚಿ, ತಂಗಡಿ, ಬಂದರೆ, ಎಲ್ಲ ಪೊದೆಗಳೂ ಬೇರು ಸಮೇತ ಹೋದವು. ಆಮೇಲೆ ಸಾಲು ಹಿಡಿದು 300 ಗುಣಿ ತೆಗೆಸಿ ಅರಣ್ಯ ಇಲಾಖೆಯ ನರ್ಸರಿಯಿಂದ ಹೊಂಗೆ, ಬೇವು, ನೇರಳೆ, ಹೆಬ್ಬೇವು, ಸಿಲ್ವರ್ ಓಕ್ ತಂದು ನೆಟ್ಟೆ. ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ಆ ವರ್ಷದ ಹಸ್ತೆ ಮಳೆಗೆ ಬೋರೆಯ ಮೇಲುಮಣ್ಣು ಕೆಂಪು ನೀರಾಗಿ ಹರಿದು ನಮ್ಮ ರಾಗಿ ಹೊಲಕ್ಕೆ ಬಂದು ನಿಂತಿತು. ಪೊದೆಗಳು ಹಿಡಿದುಕೊಂಡಿದ್ದ ಮಣ್ಣು ಅದು. ಇದ್ದದ್ದೇ ಒಂದಡಿ ಮಣ್ಣು, ಅದರಲ್ಲಿ ಅರ್ಧ ನಾನೇ ಕಳೆದೆ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಎರಡು ವರ್ಷ ಬಿಂದಿಗೆಯಲ್ಲಿ ನೀರು ಹೊತ್ತು ಗಿಡಗಳನ್ನು ಹೇಗೋ ಉಳಿಸಿಕೊಂಡೆವು. 2016ರ ಬರ ಬಂತು. ನಮ್ಮ ಕಡೆ ತೆಂಗಿನ ಮರಗಳೇ ಸುಳಿ ಒಣಗಿ ನಿಂತಿದ್ದ ಕಾಲ ಅದು. 2017ರ ಬೇಸಿಗೆ ಕಳೆಯುವ ಹೊತ್ತಿಗೆ 300ರಲ್ಲಿ ಉಳಿದದ್ದು ಅರವತ್ತು ಚಿಲ್ಲರೆ, ಅದರಲ್ಲಿ ಜಾಸ್ತಿ ಹೊಂಗೆ. ಸಿಲ್ವರ್ ಓಕ್ ಒಂದೂ ಇಲ್ಲ. ಬೇಜಾರಾಗಿ ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆ. ಒಂದು ಒಳ್ಳೆಯ ಕೆಲಸ ಮಾತ್ರ ಆಗಿತ್ತು. ಗಿಡ ಉಳಿಯಲಿ ಅಂತ ಸುತ್ತ ಬೇಲಿ ಕಟ್ಟಿದ್ದೆ, ಕತ್ತಾಳೆ ಮತ್ತು ಲಕ್ಕಿ ನೆಟ್ಟು. ಆ ಬೇಲಿ ಬರದಲ್ಲೂ ಸಾಯಲಿಲ್ಲ. ಆಡುಗಳು ಒಳಗೆ ಬರುವುದು ನಿಂತಿತ್ತು.

ಆ ವರ್ಷ ಸೆಪ್ಟೆಂಬರಿನಲ್ಲಿ ಮಳೆ ಚೆನ್ನಾಗಿ ಬಂತು. ಮಳೆ ಬಿಟ್ಟ ಮೇಲೆ ಒಂದು ದಿನ ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದೆ. ಜೆಸಿಬಿ ಹತ್ತದ ಬಂಡೆ ಸಂದಿನಲ್ಲಿ ಒಂದು ಕಾರೆ ಪೊದೆ ಉಳಿದುಕೊಂಡಿತ್ತು. ಅದರ ನಡುವಿನಿಂದ ಒಂದು ಬೇವಿನ ಗಿಡ ತಲೆ ಎತ್ತಿತ್ತು. ನನ್ನ ಸೊಂಟದಷ್ಟು ಎತ್ತರ, ಎಲೆ ಕಪ್ಪು ಹಸಿರು, ಕಾಂಡ ಹೆಬ್ಬೆರಳಿನಷ್ಟು ದಪ್ಪ. ನಾನು ಗೊಬ್ಬರ ಹಾಕಿ ನೀರು ಹೊತ್ತು ಬೆಳೆಸಿದ ಬೇವು ಹತ್ತು ಅಡಿ ದೂರದಲ್ಲಿ ಒಣಕಡ್ಡಿಯಾಗಿ ನಿಂತಿತ್ತು. ಮಂಡಿಯೂರಿ ಕೂತು ಪೊದೆಯೊಳಗೆ ಕೈ ಹಾಕಿದೆ, ಮುಳ್ಳು ಗೀರಿತು. ಒಳಗಿನ ಮಣ್ಣು ತಣ್ಣಗಿತ್ತು. ಎಲೆ ಕೊಳೆತು ಎರಡು ಬೆರಳಿನಷ್ಟು ಕಪ್ಪು ಪದರ ಕಟ್ಟಿತ್ತು, ಅದರಲ್ಲಿ ಎರೆಹುಳು ಹಿಕ್ಕೆ ಕೂಡ ಇತ್ತು. ಪಿಕಳಾರವೋ ಗೊರವಂಕವೋ ಹಣ್ಣು ತಿಂದು ಪೊದೆ ಮೇಲೆ ಕೂತು ಬೀಜ ಉದುರಿಸಿದೆ, ಪೊದೆ ಅದಕ್ಕೆ ನೆರಳು ಕೊಟ್ಟಿದೆ, ಮುಳ್ಳು ಆಡಿನ ಬಾಯಿಂದ ಕಾದಿದೆ, ಬೇಲಿ ಬರುವುದಕ್ಕೂ ಮೊದಲಿನಿಂದ. ನಾನು ದುಡ್ಡು ಕೊಟ್ಟು ಕೀಳಿಸಿದ್ದು ಇಂಥ ನೂರಾರು ತೊಟ್ಟಿಲುಗಳನ್ನು.

ಅವತ್ತಿನಿಂದ ನನ್ನ ಕೆಲಸವೇ ಬದಲಾಯಿತು. ಗುಣಿ ತೆಗೆಯುವುದು ಬಿಟ್ಟೆ. ಮುಳ್ಳುಪೊದೆ ಎಲ್ಲಿ ಚಿಗುರಿದರೂ ಮುಟ್ಟಲಿಲ್ಲ. ಬೀಜ ಹಾಕಬೇಕಾದರೆ ಪೊದೆಯ ಬುಡದಲ್ಲೇ ಹಾಕಿದೆ. ನೇರಳೆ ಬೀಜ ಹಣ್ಣು ತಿಂದ ವಾರದೊಳಗೆ ಮಣ್ಣು ಸೇರಬೇಕು, ಒಣಗಿಸಿ ಇಟ್ಟರೆ ಮೊಳೆಯುವುದಿಲ್ಲ. ಬೇವೂ ಹಾಗೆಯೇ, ಬೇಗ ಜೀವ ಕಳೆದುಕೊಳ್ಳುತ್ತದೆ. ಹುಣಸೆ ಬೀಜ ಮಾತ್ರ ಡಬ್ಬದಲ್ಲಿ ಇಟ್ಟುಕೊಳ್ಳಬಹುದು, ಹಿಂದಿನ ರಾತ್ರಿ ನೆನೆಹಾಕಿದರೆ ಸಾಕು. ಆಲ, ಅತ್ತಿ, ಬಸರಿ ಬೀಜ ಹಾಕುವ ಗೋಜಿಗೆ ಹೋಗಬೇಡಿ, ಅದು ಹಕ್ಕಿಗಳ ಕೆಲಸ. ಆಲ ಬೇಕೇ ಬೇಕು ಅಂದರೆ ಮಳೆಗಾಲಕ್ಕೆ ಮುಂಚೆ ತೋಳಿನಷ್ಟು ದಪ್ಪದ ಕೊಂಬೆ ಕಡಿದು ನೆಡಿ, ಬೇರು ಬಿಡುತ್ತದೆ.

ಪೊದೆ ಬಿಡಿ ಅಂದೆ, ಆದರೆ ಲಂಟಾನ ಬಿಡಬೇಡಿ. ಅದು ಹೊರಗಿನಿಂದ ಬಂದ ಗಿಡ, ತನ್ನ ಕೆಳಗೆ ಇನ್ನೊಂದನ್ನು ಏಳಲು ಬಿಡುವುದಿಲ್ಲ. ಮೊದಲ ಎರಡು ವರ್ಷ ಮಚ್ಚಿನಲ್ಲಿ ಸವರಿದೆವು, ಒಂದು ಕಡ್ಡಿ ಕಡಿದ ಕಡೆ ಐದು ಚಿಗುರಿತು. ಬೆಂಕಿ ಹಾಕಿದರೂ ಅಷ್ಟೇ. ಕೊನೆಗೆ ಕೈಗೆ ಹತ್ತಿದ ದಾರಿ ಇದು. ಬುಡದ ಮಣ್ಣು ಒಂದೆರಡು ಇಂಚು ಕೆರೆದರೆ ಕಾಂಡ ಬೇರಿಗೆ ಸೇರುವ ಕಡೆ ಒಂದು ಉಬ್ಬು ಕಾಣುತ್ತದೆ. ಚಿಗುರು ಬರುವುದು ಆ ಉಬ್ಬಿನಿಂದ. ಅದರ ಕೆಳಗೆ ಗುದ್ದಲಿ ಹಾಕಿ ಬೇರು ಕತ್ತರಿಸಿ, ಇಡೀ ಗಿಡ ಎತ್ತಿ ತಲೆಕೆಳಗಾಗಿ ಬಂಡೆ ಮೇಲೋ ಇನ್ನೊಂದು ಗಿಡದ ಮೇಲೋ ಇಡಬೇಕು. ಬೇರು ಮಣ್ಣು ಮುಟ್ಟಬಾರದು. ಬಿಸಿಲಿಗೆ ಒಣಗಿ ಸೌದೆಯಾಗುತ್ತದೆ. ಕಾಯಿ ಕಟ್ಟುವುದಕ್ಕೆ ಮುಂಚೆ ಮಾಡಿದರೆ ಒಳ್ಳೆಯದು. ಆಮೇಲೂ ಪ್ರತಿ ವರ್ಷ ಮೊದಲ ಮಳೆಗೆ ಹಕ್ಕಿ ಕೂರುವ ಮರಗಳ ಕೆಳಗೆ ಎಳೆ ಲಂಟಾನ ಏಳುತ್ತದೆ, ಹಸಿ ಮಣ್ಣಿನಲ್ಲಿ ಎರಡು ಬೆರಳಲ್ಲಿ ಕಿತ್ತರೆ ಬರುತ್ತದೆ. ಈಗ ನಮ್ಮ ಮನೆಯಲ್ಲಿ ಭರಣಿ ಮಳೆ ಬಿದ್ದ ಮಾರನೇ ದಿನ ಎಲ್ಲರೂ ಬೋರೆಗೆ ಹೋಗುವುದು ರೂಢಿಯಾಗಿದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಆ ಬೆಳೆಯಲ್ಲಿ ಲಂಟಾನವೂ ಸೇರಿದೆ.

2019ರ ಬೇಸಿಗೆಯಲ್ಲಿ ಬೆಂಕಿ ಬಿತ್ತು. ಪಕ್ಕದ ಜಮೀನಿನವರು ಬದುವಿನ ಒಣಹುಲ್ಲಿಗೆ ಕಡ್ಡಿ ಗೀರಿದ್ದರು, ಪಡುವಲ ಗಾಳಿ ಎದ್ದು ಬೇಲಿ ದಾಟಿತು. ಸೊಪ್ಪು ಹಿಡಿದು ಬಡಿದೆವು, ಆದರೂ ಎಂಟು ಹತ್ತು ಗುಂಟೆ ಸುಟ್ಟಿತು. ದೊಡ್ಡ ಹೊಂಗೆಗಳು ಬುಡದಿಂದ ಮತ್ತೆ ಚಿಗುರಿದವು, ಎಳೆಯವು ಹೋದವು. ಅವರ ಮೇಲೆ ಬಹಳ ಸಿಟ್ಟು ಬಂದಿತ್ತು, ಎರಡು ತಿಂಗಳು ಮಾತಾಡಿರಲಿಲ್ಲ. ಆಮೇಲೆ ಯೋಚಿಸಿದಾಗ ನನಗೂ ಅನ್ನಿಸಿತು, ಬದುವಿಗೆ ಬೆಂಕಿ ಹಾಕುವುದು ನಮ್ಮ ಸೀಮೆಯಲ್ಲಿ ಹಿಂದಿನಿಂದ ಬಂದದ್ದು, ಕಾಡಿನ ಅಂಚು ಕಾಯಬೇಕಾದವನು ನಾನು. ಈಗ ಶಿವರಾತ್ರಿಗೆ ಮುಂಚೆ ಸುತ್ತ ಹನ್ನೆರಡು ಅಡಿ ಅಗಲ ಹುಲ್ಲು, ತರಗು ಎಲ್ಲ ಕೆರೆದು ಬರಿ ಮಣ್ಣು ಮಾಡುತ್ತೇವೆ. ಅದೇ ಬದುವಿನವರು ಈಗ ಬೆಂಕಿ ಹಾಕುವ ಮುಂಚೆ ಫೋನ್ ಮಾಡುತ್ತಾರೆ.

ಅಂಚು ಅಂದೆನಲ್ಲ, ಚಿಕ್ಕ ಕಾಡಿನಲ್ಲಿ ನಿಜವಾದ ಕೆಲಸವೆಲ್ಲ ಅಲ್ಲೇ ಇರುವುದು. ಒಳಗೆ ಕಾಡು ತನ್ನ ಪಾಡಿಗೆ ತಾನು ಇರುತ್ತದೆ. ಜಗಳ, ನಷ್ಟ, ಲಾಭ ಎಲ್ಲ ಹೊಲ ಮತ್ತು ಕಾಡು ಮುಟ್ಟುವ ಗೆರೆಯಲ್ಲಿ.

ಮೊದಲ ಸಮಸ್ಯೆ ಬೇರಿನದು, ನೆರಳಿನದು. ಕಾಡು ತೆಂಕಲಿಗೆ, ಹೊಲ ಬಡಗಲಿಗೆ. ರಾಗಿ ಬಿತ್ತುವ ಆಷಾಢದಲ್ಲಿ ಸೂರ್ಯ ನೆತ್ತಿ ಮೇಲೆಯೇ ಇರುವುದರಿಂದ ನೆರಳು ತೊಂದರೆ ಮಾಡುವುದಿಲ್ಲ. ಕಾರ್ತಿಕದ ಹೊತ್ತಿಗೆ ಸೂರ್ಯ ತೆಂಕಲಿಗೆ ವಾಲುತ್ತಾನೆ. ತೆನೆ ಕಾಳು ಕಟ್ಟುವ ಸಮಯಕ್ಕೆ ಸರಿಯಾಗಿ ಮರಗಳ ನೆರಳು ಉದ್ದ ಚಾಚಿ ಹೊಲದ ಮೇಲೆ ಬೀಳುತ್ತದೆ. ಅಂಚಿನ ರಾಗಿ ಮೊಣಕಾಲು ಎತ್ತರಕ್ಕೇ ನಿಂತು ತೆನೆ ಬೆರಳು ಸಣ್ಣದಾಗಿರುತ್ತಿತ್ತು. ನಾನು ಎರಡು ಕೆಲಸ ಮಾಡಿದೆ. ಅಂಚಿನುದ್ದಕ್ಕೂ ಎರಡೂವರೆ ಅಡಿ ಆಳ, ಒಂದೂವರೆ ಅಡಿ ಅಗಲದ ಕಂದಕ ತೆಗೆಸಿದೆ, ಹೊಂಗೆಯ ಅಡ್ಡಬೇರುಗಳು ಅಲ್ಲೇ ತುಂಡಾದವು. ಆಮೇಲೆ ಕಂದಕದ ಈಚೆಗೆ ಹದಿನೈದು ಅಡಿ ಪಟ್ಟಿ ಉಳುವುದನ್ನೇ ಬಿಟ್ಟೆ. ಅಲ್ಲಿ ಹುಲ್ಲು ಬೆಳೆಯುತ್ತದೆ, ನಮ್ಮ ಎರಡು ಹಸುಗಳ ಮೇವಿಗೆ ಒದಗುತ್ತದೆ. ಆ ಪಟ್ಟಿಯಿಂದ ಆಚೆಗಿನ ರಾಗಿ ಈಗ ಮಿಕ್ಕ ಹೊಲದ ಹಾಗೆಯೇ ಬರುತ್ತದೆ. ಕಂದಕ ಎರಡು ವರ್ಷಕ್ಕೊಮ್ಮೆ ಮಣ್ಣು ತುಂಬಿಕೊಳ್ಳುತ್ತದೆ, ತೆಗೆಯುತ್ತಿರಬೇಕು. ಆ ಮಣ್ಣು ಹೊಲಕ್ಕೆ ಹಾಕಿದರೆ ಗೊಬ್ಬರ ಹಾಕಿದಂತೆ.

ಬೋರೆಯ ಕೆಳಗೆ ನೀರು ಹರಿಯುವ ಜಾಡಿನಲ್ಲಿ ಕಲ್ಲು ಜೋಡಿಸಿ ಮೂರು ಚಿಕ್ಕ ಕಟ್ಟೆ ಮಾಡಿದ್ದೇನೆ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಕುಂದೂರು ಬೆಟ್ಟದಲ್ಲಿ ಕಟ್ಟೆಗಳನ್ನು ಕಟ್ಟಿದ್ದು ಕೇಳಿದ್ದೀರಿ ಅಲ್ವಾ. ಅವರು 2022ರಲ್ಲಿ ತೀರಿಕೊಂಡರು. ಒಬ್ಬ ಮನುಷ್ಯ ಬೆಟ್ಟದಲ್ಲಿ ಅಷ್ಟು ಮಾಡಿರುವಾಗ ನಾನು ಮೂರು ಕಟ್ಟೆ ಮಾಡದೆ ಹೇಗಿರಲಿ ಅನ್ನಿಸಿತ್ತು. 2023ರಲ್ಲಿ ಮತ್ತೆ ಬರ ಬಂದಾಗ ತಾನಾಗಿ ಎದ್ದ ಗಿಡಗಳು ಎಲೆ ಉದುರಿಸಿಕೊಂಡು ಬದುಕಿದವು. ಒಂದು ಬಿಂದಿಗೆ ನೀರನ್ನೂ ನಾನು ಹೊರಲಿಲ್ಲ.

ಇನ್ನು ಪ್ರಾಣಿ ಪಕ್ಷಿ. ಊರಿನವರ ಮೊದಲ ಭಯ ಚಿರತೆ. ಪೊದೆ ಬಿಟ್ಟರೆ ಚಿರತೆ ಸೇರಿಕೊಳ್ಳುತ್ತದೆ ಅಂತ ಹಿರಿಯರು ಬಂದು ಜಗಳವನ್ನೇ ಮಾಡಿದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಮೈಸೂರು, ಮಂಡ್ಯದ ಕಡೆ ಚಿರತೆಗಳು ಕಬ್ಬಿನ ಗದ್ದೆಗಳಲ್ಲೇ ಮರಿ ಹಾಕುತ್ತವೆ, 2023ರಲ್ಲಿ ಮೈಸೂರಿನಲ್ಲಿ ಚಿರತೆ ಕಾರ್ಯಪಡೆಯನ್ನೇ ಮಾಡಬೇಕಾಯಿತು. ಅದಕ್ಕೇ ಮಕ್ಕಳು ಸ್ಕೂಲಿಗೆ ಹೋಗುವ ಕಾಲುದಾರಿಯ ಪಕ್ಕ ಇಪ್ಪತ್ತು ಅಡಿ ಪೊದೆ ಸವರಿ ಕಣ್ಣಿಗೆ ಬಯಲಾಗಿ ಇಟ್ಟಿದ್ದೇನೆ. ಇಲ್ಲಿಯತನಕ ನಮ್ಮ ಬೋರೆಯಲ್ಲಿ ಹೆಜ್ಜೆ ಗುರುತು ಕಂಡಿಲ್ಲ. ಮುಂಗುಸಿ, ಉಡ, ಮೊಲ, ಗೌಜಲಹಕ್ಕಿ, ಕೆಂಬೂತ, ಹಾಲಕ್ಕಿ ಇವೆ.

ನಿಜವಾದ ಕಾಟ ನವಿಲಿನದು. ಬಿತ್ತಿದ ಕಾಳನ್ನೇ ಕೆದಕಿ ತಿನ್ನುತ್ತವೆ, ತೆನೆ ಬಂದಾಗ ಮತ್ತೆ ಬರುತ್ತವೆ. ಅದನ್ನು ಮುಟ್ಟುವಂತಿಲ್ಲ, ಮುಟ್ಟುವ ಮನಸ್ಸೂ ನನಗಿಲ್ಲ. ಕಾಡಿಗೆ ಹತ್ತಿರದ ಅರ್ಧ ಹೊಲದಲ್ಲಿ ಬೀಜ ಚೆಲ್ಲುವುದನ್ನು ಬಿಟ್ಟು ಪೈರು ಮಾಡಿ ನಾಟಿ ಹಾಕುತ್ತೇವೆ. ಕೂಲಿ ಜಾಸ್ತಿ ಆಗುತ್ತದೆ, ಆದರೆ ನಾಟಿ ರಾಗಿ ತೆಂಡೆ (ಬುಡದ ಕವಲು) ಚೆನ್ನಾಗಿ ಒಡೆಯುತ್ತದೆ, ಆ ಖರ್ಚು ಬರುತ್ತದೆ. ತೆನೆ ಕಾಲದಲ್ಲಿ ಬೆಳಗ್ಗೆ ಆರರಿಂದ ಎಂಟರವರೆಗೆ ಯಾರಾದರೂ ಒಬ್ಬರು ಹೊಲದಲ್ಲಿ ಇರಲೇಬೇಕು. ಇದಕ್ಕಿಂತ ಸುಲಭದ ಉಪಾಯ ನನಗೆ ಸಿಕ್ಕಿಲ್ಲ.

ದುಡ್ಡಿನ ವಿಷಯ ಕೇಳುವವರು ಜಾಸ್ತಿ. ಸರ್ಕಾರದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ನರ್ಸರಿಯಿಂದ ತಂದು ನೆಟ್ಟು ಬದುಕಿದ ಗಿಡಕ್ಕೆ ಮೊದಲ ವರ್ಷ ₹35, ಎರಡನೇ ವರ್ಷ ₹40, ಮೂರನೇ ವರ್ಷ ₹50 ಕೊಡುತ್ತಾರೆ. ತಾನಾಗಿ ಹುಟ್ಟಿದ ಗಿಡಕ್ಕೆ ಅದು ಸಿಗುವುದಿಲ್ಲ, ಅದೇ ನನ್ನ ಬೇಸರ. ಹೊಂಗೆ ಬೀಜ, ಹುಣಸೆ ಹಣ್ಣು ಮಾರಿ ಸ್ವಲ್ಪ ಬರುತ್ತದೆ. ಕೆರೆ ಕೆಳಗೆ ನಮ್ಮದೊಂದು ಚಿಕ್ಕ ಗದ್ದೆ ಇದೆ, ನಾಟಿಗೆ ಮುಂಚೆ ಅದಕ್ಕೆ ಹೊಂಗೆ ಸೊಪ್ಪು ತುಳಿಸುತ್ತೇವೆ, ಯೂರಿಯ ಅರ್ಧಕ್ಕೆ ಇಳಿದಿದೆ. ಮೂರು ವರ್ಷದಿಂದ ಸೌದೆ ಕೊಂಡಿಲ್ಲ. ಎಲ್ಲರೂ ಶ್ರೀಗಂಧ ಹಾಕಿ ಅಂತಾರೆ. 2001ರ ಕಾನೂನು ತಿದ್ದುಪಡಿಯಾದ ಮೇಲೆ ನಮ್ಮ ಜಮೀನಿನ ಗಂಧ ನಮ್ಮದೇ, ನಿಜ. ಆದರೆ ಕಳ್ಳರನ್ನು ಕಾಯುತ್ತಾ ರಾತ್ರಿ ಬೋರೆಯಲ್ಲಿ ಕೂರುವುದಕ್ಕೆ ನನಗಾಗುವುದಿಲ್ಲ. ಹಾಗಂತ ಕೋಗಿಲೆ ಕೇಳುತ್ತದೆಯೇ? ಎಲ್ಲಿಂದಲೋ ಹಣ್ಣು ತಿಂದು ಬಂದು ಬೇಲಿ ಸಾಲಿನಲ್ಲಿ ಬೀಜ ಉದುರಿಸಿದೆ, ನಾಲ್ಕು ಗಂಧದ ಸಸಿ ಎದ್ದಿವೆ. ಲಕ್ಕಿಯ ಬೇರಿಗೆ ಬೇರು ಕಚ್ಚಿಕೊಂಡು ಚೆನ್ನಾಗಿಯೇ ಬೆಳೆಯುತ್ತಿವೆ. ಕೀಳಲಿಲ್ಲ.

ಈ ವರ್ಷ ಕಂದಕದ ಮೂಡಲ ತುದಿ ಕುಸಿದಿದೆ, ಅದನ್ನು ಮಳೆಗೆ ಮುಂಚೆ ಸರಿ ಮಾಡಬೇಕು. ಆ ಕಾರೆ ಪೊದೆಯ ಬೇವು ಈಗ ನನ್ನ ಎರಡು ಆಳು ಎತ್ತರ ಆಗಿದೆ, ಅದರ ನೆರಳಿಗೆ ಕಾರೆ ಸೊರಗುತ್ತಿದೆ. ಪಕ್ಕದ ಬಿಸಿಲಿನಲ್ಲಿ ಕಾರೆಯ ಎಳೆ ಗಿಡಗಳು ಎದ್ದಿವೆ. ಹೋದ ವಾರ ಒಂದರ ಬುಡದಲ್ಲಿ ಮಣ್ಣು ಕೆರೆದು ನಾಲ್ಕು ಹುಣಸೆ ಬೀಜ ಹಾಕಿ ಬಂದಿದ್ದೇನೆ.